81 ಪೌಂಡಿನ ಭೂಪತ್ರ

1837ರ ಮಾರ್ಚ್ 23, ದಕ್ಷಿಣ ಆಸ್ಟ್ರೇಲಿಯಾದ ಅಡಿಲೇಡ್. ಊರು ಅನ್ನುವುದು ಇನ್ನೂ ಬರೀ ಗೂಟಗಳು. ಸರ್ವೆಯರ್ ವಿಲಿಯಂ ಲೈಟ್ ಟಾರೆನ್ಸ್ ನದಿಯ ದಕ್ಷಿಣಕ್ಕೆ 700, ಉತ್ತರಕ್ಕೆ 342, ಒಟ್ಟು 1,042 ಎಕರೆ ನಿವೇಶನ ಅಳೆದು ಮುಗಿಸಿ ಎರಡು ವಾರವೂ ಆಗಿಲ್ಲ. ಲಂಡನ್ನಿನಲ್ಲೇ ದುಡ್ಡು ಕಟ್ಟಿದವರು ಅಂದು ತಮ್ಮ ತಮ್ಮ ಎಕರೆ ಆರಿಸಿಕೊಳ್ಳಬೇಕಿತ್ತು. ಅವರಲ್ಲಿ ಅತಿ ದೊಡ್ಡ ಕುಳ ಸೌತ್ ಆಸ್ಟ್ರೇಲಿಯನ್ ಕಂಪನಿ: ಜಮೀನಿಗೆ ಮುಂಗಡ ಕೊಟ್ಟವರಿಗೆ ಸಿಕ್ಕ 437 ಭೂಪತ್ರಗಳಲ್ಲಿ 102 ಅದರದೇ.

ಈ ಕಂಪನಿ ಇಲ್ಲದಿದ್ದರೆ ಅಂದು ಗೂಟವೂ ಇರುತ್ತಿರಲಿಲ್ಲ. ಬ್ರಿಟಿಷ್ ಸಂಸತ್ತಿನ 1834ರ ಕಾಯ್ದೆ ವಸಾಹತಿಗೆ ಒಪ್ಪಿಗೆ ಕೊಟ್ಟಿತ್ತು, ಆದರೆ 35,000 ಪೌಂಡಿನ ಜಮೀನು ಮೊದಲೇ ಮಾರಾಟವಾಗಬೇಕು, ಮೇಲೆ 20,000 ಪೌಂಡು ಭದ್ರತೆ ಇಡಬೇಕು ಅನ್ನುವ ಷರತ್ತಿನ ಮೇಲೆ. ಎಕರೆಗೆ 20 ಷಿಲಿಂಗು, ಅಂದರೆ ಒಂದು ಪೌಂಡು. 80 ಎಕರೆ ಹೊಲ, ಒಂದು ಎಕರೆ ನಿವೇಶನ ಸೇರಿ 81 ಪೌಂಡು. ಯಾರೂ ಕಣ್ಣಲ್ಲಿ ಕಾಣದ, ಅಳತೆಯೇ ಆಗದ ನೆಲಕ್ಕೆ ಗಿರಾಕಿಗಳು ಸಾಲದಾದರು.

ಆಗ ವ್ಯಾಪಾರಿ ಜಾರ್ಜ್ ಫೈಫ್ ಆಂಗಸ್ ಕಂಪನಿ ಕಟ್ಟಿ, ದರ 12 ಷಿಲಿಂಗಿಗೆ ಇಳಿದರೆ ಮಿಕ್ಕಿದ್ದನ್ನು ಕೊಳ್ಳುವ ದಾರಿ ಹುಡುಕಿದ. ಮೊದಲೇ ಕೊಂಡವರು ಬಾಯಿ ಮಾಡಬಾರದಲ್ಲ, ಅವರಿಗೂ ಅದೇ ದರ ಸಿಕ್ಕಿತು: ಅದೇ 81 ಪೌಂಡಿಗೆ ಈಗ 134 ಎಕರೆ ಹೊಲ, ಒಂದು ಎಕರೆ ನಿವೇಶನ. 437ನ್ನು 81ರಿಂದ ಗುಣಿಸಿ ನೋಡಿ, 35,397. ಷರತ್ತು ಕೂದಲೆಳೆಯಲ್ಲಿ ದಾಟಿತು. ಆದರೆ ಈ ರಿಯಾಯಿತಿ ಯೋಜನೆಯ ಬುಡಕ್ಕೇ ಕೊಡಲಿ ಹಾಕಿತು ಅನ್ನಬೇಕು. ಈ ವಸಾಹತಿನ ಯೋಜನೆಗೆ ತಳಹದಿಯಾದ ಎಡ್ವರ್ಡ್ ಗಿಬ್ಬನ್ ವೇಕ್‌ಫೀಲ್ಡ್‌ನ ಸಿದ್ಧಾಂತದಲ್ಲಿ ಜಮೀನು ತುಟ್ಟಿಯಾಗಿರಬೇಕು. ಆ ದುಡ್ಡಲ್ಲಿ ಕೂಲಿಕಾರರನ್ನು ಹಡಗು ಹತ್ತಿಸಬೇಕು, ಅವರು ಕೆಲವು ವರ್ಷ ಸಂಬಳಕ್ಕೆ ದುಡಿದ ಮೇಲಷ್ಟೇ ನೆಲ ಕೊಳ್ಳುವಂತಾಗಬೇಕು.

ಕಂಪನಿಗೆ ಅವಸರ. ಅದರ ‘ಡ್ಯೂಕ್ ಆಫ್ ಯಾರ್ಕ್’ ಹಡಗು 1836ರ ಜುಲೈ 27ಕ್ಕೇ ಕಾಂಗರೂ ದ್ವೀಪ ಮುಟ್ಟಿತು. ಲೈಟ್ ಬಂದದ್ದು ಆಗಸ್ಟ್‌ನಲ್ಲಿ. ತಿಮಿಂಗಿಲ ಬೇಟೆಗೆಂದು ಕಂಪನಿಯವರು ದ್ವೀಪದ ಕಿಂಗ್ಸ್‌ಕೋಟ್‌ನಲ್ಲಿ ಠಿಕಾಣಿ ಹೂಡಿದರು. ಅಲ್ಲಿ ಸಿಹಿನೀರಿಗೆ ಬರ, ಕುರುಚಲು ಕಾಡು ಸವರಿದರೂ ಬೇಸಾಯಕ್ಕೆ ಒಗ್ಗದ ನೆಲ. ಕೊನೆಗೆ ಎಲ್ಲರ ಗಮನ ಮುಖ್ಯಭೂಮಿಯ ಕಡೆ ಹೊರಳಿತು. ಆ ಕಾಲದಲ್ಲಿ ನೆಟ್ಟ ಹಿಪ್ಪುನೇರಳೆ ಮರವೊಂದು ಮಾತ್ರ ಈಗಲೂ ಅಲ್ಲಿ ಹಣ್ಣು ಬಿಡುತ್ತದೆ.

ಎಡವಟ್ಟಾದದ್ದು ನಿವೇಶನ ಹಂಚಿದ ಮೇಲೆ. ಊರಿನ ಎಕರೆ ಕೈಗೆ ಬಂತು, 134 ಎಕರೆ ಹೊಲ ಎಲ್ಲಿ? ಲೈಟ್‌ಗೆ ಆಳೂ ಸಾಲದು, ಗಾಡಿ ಎಳೆಯುವ ಎತ್ತೂ ಸಾಲದು. ಹೊಲ ಸಿಗದವರು ಉಳಲಿಲ್ಲ; ತಂದ ಗಂಟು ಕರಗಿಸುತ್ತಾ ನಿವೇಶನಗಳ ಸಟ್ಟಾ ವ್ಯಾಪಾರಕ್ಕೆ ಇಳಿದರು. ತಿನ್ನುವ ಹಿಟ್ಟು ಹಡಗಿನಲ್ಲಿ ಬರಬೇಕಿತ್ತು. ಕರಾರುವಾಕ್ಕಾದ ಸರ್ವೆ ಬಿಟ್ಟು ಬೇಗ ಮುಗಿಯುವ ಒರಟು ಅಳತೆ ಮಾಡಿ ಎಂದು ಲಂಡನ್ನಿನಿಂದ ಒತ್ತಡ ಬಂದಾಗ ಲೈಟ್ 1838ರಲ್ಲಿ ರಾಜೀನಾಮೆ ಎಸೆದ. ಗವರ್ನರ್ ಗಾಲರ್ ಕೈಬಿಚ್ಚಿ ಖರ್ಚು ಮಾಡಿದ, ಅವನು ಲಂಡನ್ನಿನ ಮೇಲೆ ಬರೆದ ಹುಂಡಿಗಳು ಹಣ ಸಿಗದೆ ವಾಪಸಾದವು, 1841ರಲ್ಲಿ ಅವನ ಜಾಗಕ್ಕೆ ಗ್ರೇ ಬಂದ.

ಕಂಪನಿ ಉಳಿದದ್ದು ಬರೀ ಜಮೀನು ನಂಬದೆ ಕುರಿ, ಬ್ಯಾಂಕು, ಬಂದರು ಎಲ್ಲಕ್ಕೂ ಕೈ ಹಾಕಿದ್ದರಿಂದ. ಮ್ಯಾನೇಜರ್ ಡೇವಿಡ್ ಮೆಕ್ಲಾರೆನ್ ಹೆಸರಿನ ಹಡಗುಕಟ್ಟೆ 1840ರಲ್ಲಿ ತೆರೆಯಿತು. ಕಂಪನಿ ಬಾಗಿಲು ಹಾಕಿದ್ದು 1949ರಲ್ಲಿ. ಇನ್ನು ಆ 1,042 ಎಕರೆಯೂ ಅಲ್ಲಿನ ಮೂಲನಿವಾಸಿಗಳಾದ ಕೌರ್ನ ಜನರ ನೆಲ. ಕಾಯ್ದೆ ಅದನ್ನು ಪಾಳು, ಜನವಸತಿಯಿಲ್ಲದ ಭೂಮಿ ಎಂದು ಬರೆದುಕೊಂಡಿತ್ತು. ಮೂಲನಿವಾಸಿಗಳ ಹಕ್ಕಿಗೆ ಧಕ್ಕೆಯಾಗಬಾರದೆಂದು 1836ರ ರಾಜನ ಸನದು ಹೇಳಿದ್ದರೂ ಆ 81 ಪೌಂಡಿನಲ್ಲಿ ಅವರಿಗೆ ಒಂದು ಪೆನ್ನಿಯೂ ಸಂದಾಯವಾಗಲಿಲ್ಲ.