ಅಂತರಗಂಗೆ ಗುಹೆ ನೋಡಿ ವಾಪಸ್ ಬರಬೇಡಿ, ತೇರಹಳ್ಳಿವರೆಗೂ ನಡೆಯಿರಿ

ಕೋಲಾರದ ಅಂತರಗಂಗೆಗೆ ಹೋದವರಲ್ಲಿ ಜಾಸ್ತಿ ಜನ ಕಲ್ಯಾಣಿ ನೋಡಿ, ಗುಹೆಗಳಲ್ಲಿ ಒಂದು ಸುತ್ತು ಹಾಕಿ ಇಳಿದುಬಿಡುತ್ತಾರೆ. ನಾನೂ ಎರಡು ಸಲ ಹಾಗೇ ಮಾಡಿದ್ದೆ. ಈ ಸಲ ಅಂತರಗಂಗೆ ಇರುವ ಶತಶೃಂಗ ಬೆಟ್ಟದ ಮೇಲೆ ತೇರಹಳ್ಳಿ ಅನ್ನುವ ಊರಿನವರೆಗೆ ನಡೆದು, ಅಲ್ಲಿಂದ ರಸ್ತೆ ಹಿಡಿದು ಕೋಲಾರಕ್ಕೆ ಇಳಿದೆವು. ಇಷ್ಟು ದಿನ ಬೆಟ್ಟದ ಬಾಗಿಲಿಗೆ ಬಂದು ಹೋಗುತ್ತಿದ್ದೆ ಅನ್ನಿಸಿತು.

ಬೆಂಗಳೂರಿನಿಂದ ಕೋಲಾರ ಸುಮಾರು 70 ಕಿ.ಮೀ. ಬೆಳಗಿನ ಬಸ್ಸಿಗೇ ಹೊರಡಿ. ಬಸ್ ಸ್ಟ್ಯಾಂಡಿನಿಂದ ಬೆಟ್ಟದ ಬುಡಕ್ಕೆ ಆಟೋ ಸಿಗುತ್ತದೆ. ಬಿಸಿಲೇರಿದ ಮೇಲೆ ಬಂಡೆ ಕಾದು ಕೈ ಊರುವುದೇ ಕಷ್ಟ.

ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರ ಗುಡಿ. ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತಲೇ ಇರುತ್ತದೆ. ಬರಕ್ಕೆ ಹೆಸರಾದ ಜಿಲ್ಲೆಯಲ್ಲಿ ಆ ತಣ್ಣನೆ ನೀರಿಗೆ ಕೈಯೊಡ್ಡಿ ನಿಂತರೆ ಮುಂದೆ ಹೋಗುವುದೇ ಬೇಡ ಅನ್ನಿಸುತ್ತದೆ. ಇಲ್ಲಿ ಕೋತಿಗಳ ಬಗ್ಗೆ ಎಚ್ಚರ. ನನ್ನ ಕೈಯಲ್ಲಿದ್ದ ಚಿತ್ರಾನ್ನದ ಕವರ್ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಯಿತು. ತಿಂಡಿಯೆಲ್ಲ ಬ್ಯಾಗಿನೊಳಗೇ ಇರಲಿ.

ಗುಹೆ ಅಂದರೆ ಕೊರೆದದ್ದಲ್ಲ. ಒಂದರ ಮೇಲೊಂದು ಬಿದ್ದ ದೊಡ್ಡ ಗುಂಡುಗಳ ನಡುವಿನ ಸಂದುಗಳು. ಒಂದು ಕಡೆ ಬ್ಯಾಗನ್ನು ಮೊದಲು ಆಚೆ ದಾಟಿಸಿ, ಉಸಿರು ಬಿಗಿಹಿಡಿದು, ಅಡ್ಡಡ್ಡವಾಗಿ ಜಾರಿಕೊಂಡು ಹೋಗಬೇಕಾಯಿತು. ಕೆನ್ನೆಗೆ ಕಲ್ಲು ತಣ್ಣಗೆ ತಾಗುತ್ತಿತ್ತು. ಟಾರ್ಚ್ ಬೇಕೇ ಬೇಕು. ದಾರಿ ಗೊತ್ತಿರುವ ಊರಿನವರನ್ನು ಜೊತೆಗೆ ಕರೆದುಕೊಂಡು ಹೋಗಿ, ಸುಮ್ನೆ ಧೈರ್ಯ ಮಾಡಬೇಡಿ.

ಮೇಲೆ ಬಂದರೆ ಬೇರೆಯದೇ ಲೋಕ. ಹುಲ್ಲು, ಬಂಡೆ, ಲಂಟಾನ ಪೊದೆ, ಅಲ್ಲಲ್ಲಿ ರಾಗಿ ಹೊಲ. ಬೆಟ್ಟದ ಮೇಲೇ ಊರುಗಳಿವೆ, ಅದರಲ್ಲೊಂದು ತೇರಹಳ್ಳಿ. ಪೊದೆಗಳ ನಡುವೆ ಕಾಲುದಾರಿ ಕವಲೊಡೆಯುವ ಕಡೆ ನಾವು ತಪ್ಪಿ ಅರ್ಧ ಗಂಟೆ ಸುತ್ತಿದೆವು. ದನ ಮೇಯಿಸುತ್ತಿದ್ದ ಅಜ್ಜ ಒಬ್ಬರು "ಇತ್ಲಾಗಲ್ಲ ಕಣಪ್ಪ, ಆ ಹುಣಸೆಮರ ನೋಡ್ಕೊಂಡು ಹೋಗಿ" ಎಂದು ದಾರಿ ತೋರಿಸಿದರು. ಮೊಬೈಲ್ ಮ್ಯಾಪ್ ನೋಡುತ್ತಾ ನಿಲ್ಲುವ ಬದಲು ಕೇಳಿಬಿಡಿ.

ತಲಾ ಮೂರು ಲೀಟರ್ ನೀರು ಇರಲಿ. ಹೊಲದೊಳಗೆ ಕಾಲಿಡಬೇಡಿ, ಬದುವಿನ ಮೇಲೇ ನಡೆಯಿರಿ. ನವೆಂಬರಿನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಮಳೆ ಬಿದ್ದ ಮಾರನೆಯ ದಿನವಂತೂ ಬೇಡ, ಬಂಡೆ ಜಾರುತ್ತದೆ.

ಇಳಿಯುವ ರಸ್ತೆಯಲ್ಲಿ ಮಂಡಿ ನೋಯುತ್ತದೆ, ನಿಧಾನವಾಗಿ ಬನ್ನಿ. ಹೊತ್ತು ಉಳಿದರೆ ಪೇಟೆಯಲ್ಲಿ ಕೋಲಾರಮ್ಮನ ಗುಡಿ, ಸೋಮೇಶ್ವರನ ಗುಡಿ ಎರಡನ್ನೂ ನೋಡಿಕೊಂಡೇ ಬಸ್ ಹತ್ತಿ.