ಫಿಲ್ಟರ್ ದಾಟಿ ಬಂದ ಧೂಳು

"ಈ ಫಿಲ್ಟರ್ ಆಚೆ ಕಡೆ ಯಾರಾದ್ರೂ ಬೆರಳು ಹಾಕಿ ನೋಡಿದಾರಾ ಸಾರ್?"

ನನ್ನ ಗಾಡಿಯ ಏರ್ ಫಿಲ್ಟರ್ ಬಗ್ಗೆ ಮೆಕ್ಯಾನಿಕ್ ಕೇಳಿದ್ದು. ಈ ವಾರ ಪೂರ್ತಿ ಇದೊಂದೇ ಪ್ರಶ್ನೆ ತಲೆಯಲ್ಲಿ ಕೂತಿದೆ.

ನನ್ನ ಎಟಿವಿ, ಅಂದರೆ ಮಣ್ಣುದಾರಿಯಲ್ಲಿ ಓಡಿಸುವ ನಾಲ್ಕು ಚಕ್ರದ ಗಾಡಿ, ಸೆಕೆಂಡ್ ಹ್ಯಾಂಡ್. ತಗೊಂಡು ಜಾಸ್ತಿ ದಿನ ಆಗಿರಲಿಲ್ಲ, ಆಯಿಲ್ ಕುಡಿದು ನೀಲಿ ಹೊಗೆ ಉಗುಳೋಕೆ ಶುರು ಮಾಡಿತು. ಇಂಜಿನ್ ಬಿಚ್ಚಿಸಿ, ಸಿಲಿಂಡರ್ ಬೋರ್ ಮಾಡಿಸಿ (ಸವೆದ ಒಳಗೋಡೆ ಕೊರೆದು ಅಗಲ ಮಾಡಿಸಿ), ಓವರ್‌ಸೈಜ್ ಪಿಸ್ಟನ್, ಪಿಸ್ಟನ್ ಸುತ್ತ ಕೂರುವ ಹೊಸ ರಿಂಗ್, ವಾಲ್ವ್ ಕಡೆಯಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ವಾಲ್ವ್ ಸೀಲ್ ಎಲ್ಲ ಹಾಕಿಸಿದ್ದಾಯಿತು. ಸ್ವಲ್ಪ ಕಾಲ ಚೆನ್ನಾಗಿ ಓಡಿತು. ಆಮೇಲೆ ಮತ್ತೆ ಅದೇ ನೀಲಿ ಹೊಗೆ. ಡಿಪ್‌ಸ್ಟಿಕ್ ತೆಗೆದರೆ ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟಿಲ್ಲ, ಸ್ಪಾರ್ಕ್ ಪ್ಲಗ್ ತೆಗೆದರೆ ಕಪ್ಪಗೆ ಒದ್ದೆ, ಹೊರಗೆ ಮಾತ್ರ ಒಂದು ಹನಿ ಲೀಕ್ ಇಲ್ಲ. ಹೊಸ ಪಿಸ್ಟನ್ ಹಾಕಿದ ಇಂಜಿನ್ ಇಷ್ಟು ಬೇಗ ಸವೆಯುತ್ತಾ?

ಮೊದಲು ಕೆಲಸ ಮಾಡಿದವರು ಹೇಳಿದ್ದು, "ರಿಂಗ್ ಕ್ವಾಲಿಟಿ ಸರಿ ಇಲ್ಲ, ಇನ್ನೊಂದು ಸೈಜ್ ಬೋರ್ ಮಾಡಿಸೋಣ" ಅಂತ. ಅವರ ಕೈಕೆಲಸ ಅಚ್ಚುಕಟ್ಟು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸವೆದದ್ದನ್ನು ಬದಲಾಯಿಸುತ್ತಾರೆ, ಯಾಕೆ ಸವೆಯಿತು ಅಂತ ಕೇಳುವುದಿಲ್ಲ. ಬಿಲ್ ಕಟ್ಟುವವರಿಗೆ ಇದು ಅನ್ಯಾಯ ಅಂತಲೇ ನನಗನಿಸುತ್ತದೆ.

ಈ ಸಲ ಗಾಡಿ ನೋಡಿದವರು ವಯಸ್ಸಾದ ಮೆಕ್ಯಾನಿಕ್. ಮಾತು ಕಡಿಮೆ. ಇಂಜಿನ್‌ಗೆ ಸ್ಪಾನರ್ ಹಾಕುವ ಮೊದಲೇ ಹೊಗೆ ಯಾವಾಗ ಬರುತ್ತೆ ಅಂತ ಕೇಳಿದರು. ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಒಮ್ಮೆ ಬುಸ್ ಅಂದು ನಿಂತುಹೋದರೆ ವಾಲ್ವ್ ಸೀಲ್ ಮೇಲೆ ಅನುಮಾನ. ಲೋಡ್ ಬಿದ್ದು ಆಕ್ಸಿಲರೇಟರ್ ಕೊಟ್ಟಾಗೆಲ್ಲ ಬಂದರೆ ರಿಂಗ್ ಮೇಲೆ. ನನ್ನದು ಎರಡನೆಯದು. ಆಮೇಲೆ ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಹಾಕಿದರು. ರೀಡಿಂಗ್ ಕಡಿಮೆ ಬಂತು. ಪ್ಲಗ್ ಹೋಲ್‌ನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ನೋಡಿದರೆ ಮುಳ್ಳು ಸರಕ್ಕನೆ ಮೇಲೆ ಹೋಯಿತು. ಆ ಆಯಿಲ್ ಸ್ವಲ್ಪ ಹೊತ್ತು ರಿಂಗ್ ಸುತ್ತಲಿನ ಸಂದು ಮುಚ್ಚುತ್ತದೆ, ಅದಕ್ಕೇ ಏರುತ್ತದೆ. ತೊಂದರೆ ವಾಲ್ವ್‌ನದ್ದಾಗಿದ್ದರೆ ಅಷ್ಟು ಏರುತ್ತಿರಲಿಲ್ಲ.

ಇಲ್ಲಿಗೆ ರಿಂಗ್ ಅಂತ ಗೊತ್ತಾಯಿತು. ಬೇರೆ ಯಾರಾದರೂ ಆಗಿದ್ದರೆ ಹೆಡ್ (ಸಿಲಿಂಡರ್ ಮೇಲಿನ ಭಾಗ) ಬಿಚ್ಚುತ್ತಿದ್ದರು. ಇವರು ಸೀಟ್ ತೆಗೆದು ಫಿಲ್ಟರ್ ಕೂರುವ ಏರ್‌ಬಾಕ್ಸ್ ಬಿಚ್ಚಿದರು. ಫೋಮ್ ಫಿಲ್ಟರ್ ನೋಡೋಕೆ ಶುಭ್ರವಾಗಿತ್ತು. ಅದನ್ನು ಪಕ್ಕಕ್ಕಿಟ್ಟು, ಫಿಲ್ಟರ್‌ನಿಂದ ಇಂಜಿನ್ ಕಡೆ ಹೋಗುವ ರಬ್ಬರ್ ಪೈಪಿನೊಳಗೆ ತೋರುಬೆರಳು ಹಾಕಿ ಒಂದು ಸುತ್ತು ತಿರುಗಿಸಿ ಹೊರಗೆ ತೆಗೆದರು. ಬೆರಳ ತುದಿಯಲ್ಲಿ ಕಂದು ಪುಡಿ. ಹೆಬ್ಬೆರಳಿಗೆ ತಿಕ್ಕಿದಾಗ ಸಣ್ಣಗೆ ಗರಗರ ಅಂದದ್ದು ನನಗೂ ಕೇಳಿಸಿತು. ಆಗ ಆ ಪ್ರಶ್ನೆ ಕೇಳಿದ್ದು.

ಯಾರೂ ನೋಡಿರಲಿಲ್ಲ. ಇಡೀ ಇಂಜಿನ್ ಬಿಚ್ಚಿ ಜೋಡಿಸಿದವರೂ ನೋಡಿರಲಿಲ್ಲ.

ಆ ಜಾಗ ಯಾವಾಗಲೂ ಕನ್ನಡಿ ಹಾಗಿರಬೇಕು. ಅಲ್ಲಿ ಧೂಳಿದೆ ಅಂದರೆ ಇಂಜಿನ್ ಧೂಳು ಉಸಿರಾಡುತ್ತಿದೆ ಅಂತಲೇ ಅರ್ಥ. ಹುಡುಕಿದರೆ ಕಾರಣ ಒಂದಲ್ಲ. ಫೋಮ್ ಒಣಗಿತ್ತು, ಅದಕ್ಕೆ ಹಚ್ಚಬೇಕಾದ ಫಿಲ್ಟರ್ ಆಯಿಲ್ ಇರಲೇ ಇಲ್ಲ. ಒಣ ಫೋಮ್ ದಪ್ಪ ಕಸ ತಡೆಯುತ್ತದೆ, ನುಣ್ಣನೆ ಧೂಳನ್ನು ಬಿಟ್ಟುಬಿಡುತ್ತದೆ. ಏರ್‌ಬಾಕ್ಸ್ ಮುಚ್ಚಳದಲ್ಲಿ ಹಳೇ ಮಾಲೀಕರು ಪವರ್ ಜಾಸ್ತಿ ಆಗಲಿ ಅಂತ ತೂತು ಕೊರೆದಿದ್ದರು. ಎಲ್ಲಕ್ಕಿಂತ ಕೆಟ್ಟದ್ದು, ಆ ರಬ್ಬರ್ ಪೈಪಿನಲ್ಲಿ ಕ್ಲಾಂಪ್ ಕೆಳಗೇ ಒಂದು ಬಿರುಕು. ಪೈಪ್ ಬಗ್ಗಿಸಿದರಷ್ಟೇ ಬಾಯಿ ಬಿಡುತ್ತಿತ್ತು. ಅದು ಫಿಲ್ಟರ್ ದಾಟಿದ ಮೇಲಿನ ಜಾಗ, ಅಲ್ಲಿಂದ ಒಳಗೆ ಹೋಗುವ ಗಾಳಿಗೆ ತಡೆಯೇ ಇಲ್ಲ.

ತಲೆಕೂದಲು ಸುಮಾರು 70 ಮೈಕ್ರಾನ್ (ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ) ದಪ್ಪ. ಇಂಜಿನ್ ತಿನ್ನುವ ಧೂಳಿನ ಕಣ 10, 20 ಮೈಕ್ರಾನ್ ಇದ್ದರೂ ಸಾಕು. ಮಣ್ಣಿನಲ್ಲಿರುವ ಕ್ವಾರ್ಟ್ಜ್ ಕಣ ಎರಕದ ಕಬ್ಬಿಣದ ಸಿಲಿಂಡರ್ ಗೋಡೆಗಿಂತ ಗಟ್ಟಿ. ಅದು ಆಯಿಲ್ ಜೊತೆ ಸೇರಿ ರಿಂಗ್ ಮತ್ತು ಗೋಡೆ ನಡುವೆ ಸಿಕ್ಕಿಕೊಂಡರೆ ಪಿಸ್ಟನ್ ಮೇಲೆ ಕೆಳಗೆ ಆಡಿದಷ್ಟೂ ಸವೆತ. ಹೆಡ್, ಸಿಲಿಂಡರ್ ತೆಗೆದ ಮೇಲೆ ಅದೇ ಕಂಡಿತು. ಆಯಿಲ್ ಹಿಡಿದಿಡಲು ಗೋಡೆಯ ಮೇಲೆ ಎಳೆದಿದ್ದ ಹೋನಿಂಗ್‌ನ ಅಡ್ಡಡ್ಡ ಗೆರೆಗಳು ಅಳಿಸಿಹೋಗಿ ಉದ್ದುದ್ದ ಗೀರು ಬಿದ್ದಿದ್ದವು, ಪಿಸ್ಟನ್ ಮೈ ಬೂದಿ ಬಣ್ಣಕ್ಕೆ ತಿರುಗಿತ್ತು. ರಿಂಗ್ ಒಂದನ್ನು ಬೋರಿನೊಳಗಿಟ್ಟು ಫೀಲರ್ ಗೇಜ್ ಹಾಕಿದರೆ, 0.3 ಮಿ.ಮೀ. ಆಸುಪಾಸು ಇರಬೇಕಾದ, ರಿಂಗಿನ ಎರಡು ತುದಿಗಳ ನಡುವಿನ ಗ್ಯಾಪ್ 1 ಮಿ.ಮೀ. ದಾಟಿತ್ತು. ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಕ್ಲಿಯರೆನ್ಸ್ (ವಾಲ್ವ್ ಮೇಲೆ ಬಿಡಬೇಕಾದ ಸಣ್ಣ ಗ್ಯಾಪ್) ಸರಿಯಾಗೇ ಇತ್ತು, ಗಾಳಿ ಒಳಬಿಡುವ ಇನ್‌ಟೇಕ್ ಕಡೆಯದು ಮಾತ್ರ ತೀರಾ ಟೈಟ್. ಒಳಗೆ ಬರುವ ಗಾಳಿಯ ಧೂಳು ಮೊದಲು ಸವೆಸುವುದು ಆ ವಾಲ್ವ್ ಕೂರುವ ಜಾಗವನ್ನೇ ಅಲ್ವಾ? ಅದು ಸವೆದಷ್ಟೂ ವಾಲ್ವ್ ಮೇಲಕ್ಕೆ ಸರಿಯುತ್ತದೆ, ಗ್ಯಾಪ್ ಮುಚ್ಚಿಕೊಳ್ಳುತ್ತದೆ.

ಗಾಡಿ ಮಾರಿದವರಿಗೆ ಇದು ಗೊತ್ತಿತ್ತಾ? ಗೊತ್ತಿದ್ದಿರಲಿಕ್ಕಿಲ್ಲ. ಆದರೆ ಮಾರುವ ಮುಂಚೆ ಪ್ಲಾಸ್ಟಿಕ್‌ಗೆಲ್ಲ ಪಾಲಿಶ್ ಹೊಡೆಯೋಕೆ ಅವರಿಗೆ ಪುರುಸೊತ್ತಿತ್ತು, ಆ ತೂತು ಮುಚ್ಚೋಕೆ ಇರಲಿಲ್ಲ. ಇದು ನನಗೆ ಬೇಜಾರು ತರಿಸುತ್ತದೆ. ಇಂಥ ಗಾಡಿಗಳು ಒಬ್ಬರಿಂದ ಒಬ್ಬರಿಗೆ ದಾಟುತ್ತಲೇ ಇರುತ್ತವೆ. ತಗೊಂಡವರು ಇಂಜಿನ್ ಮಾಡಿಸುತ್ತಾರೆ, ಹೊಗೆ ಮತ್ತೆ ಬರುತ್ತದೆ, "ಈ ಮಾಡಲ್ಲೇ ಸರಿ ಇಲ್ಲ" ಅಂತ ಬೈದು ಮಾರುತ್ತಾರೆ. ಒಂದು ರಬ್ಬರ್ ಪೈಪ್ ಬದಲಾಯಿಸಿದ್ದರೆ ಎಷ್ಟೋ ವರ್ಷ ಓಡಬಹುದಾಗಿದ್ದ ಇಂಜಿನ್‌ಗಳು ಹೀಗೆ ಗುಜರಿಗೆ ಹೋಗಿರುತ್ತವೆ. ಒಳ್ಳೆಯ ಮಷೀನ್ ಮೇಲೆ ಸುಮ್ನೆ ಕೆಟ್ಟ ಹೆಸರು.

ಈಗ ಹೊಸ ಪೈಪ್, ಹೊಸ ಮುಚ್ಚಳ ಬಂದಿವೆ. ಫೋಮ್‌ಗೆ ಆಯಿಲ್ ಹಿಂಡಿ, ಅಂಚಿಗೆ ಗ್ರೀಸ್ ಹಚ್ಚಿ ಕೂರಿಸಬೇಕು. ಫಿಲ್ಟರ್ ಆಚೆಯ ಗೋಡೆಗೂ ತೆಳ್ಳಗೆ ಗ್ರೀಸ್ ಸವರುತ್ತಾರಂತೆ. ಓಡಿಸಿ ಬಂದ ಮೇಲೆ ಅದರಲ್ಲಿ ಮಣ್ಣು ಅಂಟಿದ್ದರೆ ಇನ್ನೂ ಎಲ್ಲೋ ಗಾಳಿ ನುಗ್ಗುತ್ತಿದೆ ಅಂತ. ಆದರೆ ಅದಕ್ಕೂ ಮೊದಲು ಇಂಜಿನ್ ಕೆಳಗಿನ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಅಚ್ಚು) ಹೊರಗೆ ಬರಬೇಕು. ಧೂಳು ಆಯಿಲ್ ಜೊತೆ ಕೆಳಗಿಳಿದು ಬೇರಿಂಗ್‌ಗೂ ಹೋಗಿರುತ್ತದೆ, ಪಂಪಿಗೂ ಹೋಗಿರುತ್ತದೆ. ಕೇಸ್ ಪೂರ್ತಿ ತೊಳೆದು, ಕನೆಕ್ಟಿಂಗ್ ರಾಡ್‌ನ ಆಟ (ಸಡಿಲ) ನೋಡದೆ ಹೊಸ ಪಿಸ್ಟನ್ ಹಾಕಲ್ಲ ಅಂದಿದ್ದಾರೆ. ಖರ್ಚು ಹೆಚ್ಚಾಗುತ್ತದೆ, ಆದರೂ ಒಪ್ಪಿದ್ದೇನೆ.