ಏಳು ಮೇಜರ್, ಶಿಪ್‌ಮೆಂಟ್ ಪಾಸ್

ಡೆಬಿಟ್ ನೋಟ್ (ಮಾಲಿನಲ್ಲಿ ದೋಷವಿದೆ ಎಂದು ಬಯರ್ ಹಣ ಕಡಿತ ಮಾಡುವ ಚೀಟಿ) ಬಂದಿದ್ದು ಶುಕ್ರವಾರ ಸಂಜೆ. ಅಂಥವೆಲ್ಲ ಶುಕ್ರವಾರ ಸಂಜೆಯೇ ಬರುತ್ತವೆ. ‘ಹ್ಯಾಂಡಲ್ ಎಡ್ಜ್ ಕ್ರ್ಯಾಕ್’ ಎಂದು ಫೋಟೋ ಸಮೇತ. ಮೇಲಿನವರು ಕೇಳಿದ ಮೊದಲ ಪ್ರಶ್ನೆ, “ಕ್ಯೂಸಿ ಏನು ಮಾಡ್ತಿತ್ತು?” ಕ್ಯೂಸಿ (ಕ್ವಾಲಿಟಿ ಕಂಟ್ರೋಲ್) ಅಂದರೆ ನಾನೇ.

ನಮ್ಮದು ಬೆಂಗಳೂರಿನ ಹೊರವಲಯದ ಲೆದರ್ ಗೂಡ್ಸ್ ಫ್ಯಾಕ್ಟರಿ. ಯುರೋಪಿನ ಡಿಸೈನರ್ ಲೇಬಲ್‌ಗಳಿಗೆ ಬ್ಯಾಗ್ ಹೊಲಿಯುತ್ತೇವೆ. ಚರ್ಮ ರಾಣಿಪೇಟೆ, ಆಂಬೂರು ಕಡೆಯಿಂದ ಬರುತ್ತದೆ. ಗಲಾಟೆಯಾದ ಈ ಟೋಟ್ ಬ್ಯಾಗ್ ರಿಪೀಟ್ ಆರ್ಡರ್. ಅದೇ ಸ್ಟೈಲ್ ನಂಬರ್, ಅದೇ ಬಣ್ಣ, ಅದೇ ಲೋಗೋ. ಮೊದಲ ಸೀಸನ್‌ನಲ್ಲಿ ಒಂದೇ ಒಂದು ಕಂಪ್ಲೇಂಟ್ ಬಂದಿರಲಿಲ್ಲ. ಹಾಗಾಗಿ ಫೈನಲ್ ಇನ್ಸ್‌ಪೆಕ್ಷನ್ ದಿನ ನಾನು ಆರಾಮಾಗಿದ್ದೆ.

ಲಾಟ್ 2,000 ಪೀಸ್. ತಪಾಸಣೆಯ ಲೆವೆಲ್ ಎರಡು, ಅಂದರೆ ಅದರಲ್ಲಿ 125 ಪೀಸ್ ಸ್ಯಾಂಪಲ್ ತೆಗೆದು ನೋಡುವುದು. ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ) 2.5ಕ್ಕೆ ಮೇಜರ್, ಅಂದರೆ ದೊಡ್ಡ ದೋಷ, ಏಳಾದರೆ ಪಾಸ್, ಎಂಟಾದರೆ ಫೇಲ್. ಹೊರಗೆ ಜಡಿಮಳೆ. ಕಂಟೇನರ್ ಆಗಲೇ ಬಂದು ನಿಂತಿತ್ತು. ರಾತ್ರಿಯೇ ಹೊರಟರೆ ಮಾತ್ರ ಚೆನ್ನೈ ಪೋರ್ಟ್‌ನ ಕಟ್-ಆಫ್ ಸಿಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಸ್ಕಿಪ್ ಸ್ಟಿಚ್, ಜಿಪ್‌ಗೆ ಸಿಕ್ಕಿಕೊಂಡ ಲೈನಿಂಗ್, ಸೊಟ್ಟ ರಿವೆಟ್ ಎಲ್ಲಾ ಸೇರಿ ಏಳು ಮೇಜರ್ ಆಗಿಹೋಗಿತ್ತು. ಬಾಕಿ ಇದ್ದ ಪೀಸ್ ಇನ್ನೂ ಮೂವತ್ತರ ಮೇಲೆ.

ಆಗ ಬಯರ್ ಕಡೆಯ ಇನ್ಸ್‌ಪೆಕ್ಟರ್ ಒಂದು ಹ್ಯಾಂಡಲ್ ಹಿಡಿದು ನಿಧಾನವಾಗಿ ಬಗ್ಗಿಸಿದರು. ಎಡ್ಜ್ ಪೇಂಟ್, ಅಂದರೆ ಚರ್ಮದ ಅಂಚಿಗೆ ಬಳಿದ ಬಣ್ಣದ ಮೇಲೆ ಕೂದಲೆಳೆಯಷ್ಟು ಗೆರೆ.

“ಇದು ಮೇಜರ್.”

“ಸಾರ್, ಕ್ರ್ಯಾಕ್ ಅಲ್ಲ ಅದು, ಸುಕ್ಕು. ನಿಮ್ಮ ಮ್ಯಾನುಯಲ್ ಪ್ರಕಾರ ತೋಳುದ್ದ ದೂರದಿಂದ ಕಾಣಬೇಕು. ಹಿಡಿದು ನೋಡಿ.”

ಅವರು ಬ್ಯಾಗನ್ನು ತೋಳುದ್ದ ಹಿಡಿದರು. ಟ್ಯೂಬ್‌ಲೈಟ್ ಕೆಳಗೆ ತಂದರು. ಕಿಟಕಿ ಹತ್ತಿರ ಒಯ್ದರು. ಮತ್ತೆ ಬಗ್ಗಿಸಿದರು. ಆರ್ಡರ್ ನೋಡಿಕೊಳ್ಳುವ ಮರ್ಚಂಡೈಸರ್ ಫೋನ್ ರಿಂಗ್ ಆಯಿತು, ಅವಳು ಕಟ್ ಮಾಡಿದಳು. ಮತ್ತೆ ರಿಂಗ್ ಆಯಿತು. ಪ್ಯಾಕಿಂಗ್ ಹುಡುಗರು ಟೇಪ್ ಗನ್ ಹಿಡಿದುಕೊಂಡೇ ನಿಂತಿದ್ದರು. ಕೊನೆಗೆ ಇನ್ಸ್‌ಪೆಕ್ಟರ್ ಟ್ಯಾಬ್‌ನಲ್ಲಿ ‘ಮೈನರ್’ ಒತ್ತಿದರು. ಆಮೇಲೆ ಅಂಥವೇ ಇನ್ನೆರಡು ಸಿಕ್ಕವು, ಅವೂ ಮೈನರ್‌ಗೇ ಹೋದವು. ರಿಪೋರ್ಟ್ ಹಸಿರು. ಪ್ರೊಡಕ್ಷನ್ ಮ್ಯಾನೇಜರ್ ಎಲ್ಲರಿಗೂ ಬಿರಿಯಾನಿ ತರಿಸಿದರು.

ಆ ಗೆರೆ ಯಾಕೆ ಬಂತು ಅಂತ ನನಗೆ ಅನುಮಾನವೇ ಇರಲಿಲ್ಲ. ಮಳೆಗಾಲ, ಪೇಂಟ್ ಸರಿಯಾಗಿ ಒಣಗಿಲ್ಲ, ಅಷ್ಟೇ. ‘ಡ್ರೈಯಿಂಗ್ ಟೈಮ್ ಜಾಸ್ತಿ ಮಾಡಿ’ ಎಂದು ಬರೆದೆ. ಎಡ್ಜ್ ಪೇಂಟಿಂಗ್ ಟೇಬಲ್‌ಗೆ ಇನ್ನೆರಡು ಫ್ಯಾನ್ ಹಾಕಿಸಿದೆ. ಆ ಟೇಬಲ್‌ನ ಹೆಣ್ಣುಮಕ್ಕಳಿಗೆ ಗಾಳಿ ಬಂತು ಅನ್ನುವುದು ಬಿಟ್ಟರೆ ಬೇರೆ ಪ್ರಯೋಜನ ಆಗಲಿಲ್ಲ.

ಡೆಬಿಟ್ ನೋಟ್ ಬಂದ ಮೇಲೆ ಸ್ಯಾಂಪಲ್ ಹೊಲಿಯುವ ನಮ್ಮ ಮಾಸ್ಟರ್ ಎರಡು ಬ್ಯಾಗ್ ತರಿಸಿಕೊಂಡರು. ಆಂಬೂರಿನವರು, ಈ ಕೆಲಸದಲ್ಲೇ ತಲೆ ಬೆಳ್ಳಗಾಗಿದೆ. ಮೊದಲ ಸೀಸನ್‌ನಲ್ಲಿ ನಾವು ಇಟ್ಟುಕೊಂಡಿದ್ದ ಕೌಂಟರ್ ಸ್ಯಾಂಪಲ್ ಒಂದು, ಈ ಲಾಟ್‌ನದು ಒಂದು. ಎರಡರ ಹ್ಯಾಂಡಲನ್ನೂ ಅಡ್ಡಕ್ಕೆ ಕುಯ್ದು ನನ್ನ ಮುಂದೆ ಇಟ್ಟರು. ಹಳೆಯದರಲ್ಲಿ ಎರಡು ಚರ್ಮದ ನಡುವೆ ಗಟ್ಟಿ ಸಲ್ಪಾ (ಚರ್ಮದ ಪುಡಿ ಒತ್ತಿ ಮಾಡಿದ ಹಾಳೆ). ಹೊಸದರಲ್ಲಿ ಮೆತ್ತಗಿನ ನಾನ್-ವೋವನ್ ಬಟ್ಟೆ.

“ಮೇಡಂ, ಒಳಗೆ ಗಟ್ಟಿ ಇಲ್ಲ. ಬಗ್ಗಿಸಿದ್ರೆ ಎರಡು ಚರ್ಮ ಎರಡು ಕಡೆ ಹೋಗುತ್ತೆ. ಪೇಂಟ್ ಪಾಪ ಯಾವುದನ್ನ ಹಿಡ್ಕೊಳ್ಳುತ್ತೆ?”

ಆ ಪೇಂಟಾದರೂ ಎಷ್ಟಿತ್ತು? ಮೊದಲ ಸೀಸನ್‌ನಲ್ಲಿ ಪ್ರೈಮರ್, ಉಜ್ಜುವುದು, ಒಂದು ಕೋಟ್, ಮತ್ತೆ ಉಜ್ಜುವುದು, ಇನ್ನೊಂದು ಕೋಟ್, ರಾತ್ರಿಯಿಡೀ ಒಣಗುವುದು. ಈಗ ಪ್ರೈಮರ್ ಇಲ್ಲ, ಉಜ್ಜುವುದಿಲ್ಲ, ಎರಡು ಕೋಟ್ ಹಚ್ಚಿ ಹೀಟರ್ ಒಳಗೆ ಕಳಿಸುವುದು. ಹೊಲಿಗೆ ಕೂಡ ಇಂಚಿಗೆ ಎಂಟು ಇದ್ದದ್ದು ಆರಕ್ಕೆ ಇಳಿದಿತ್ತು.

ಇದೆಲ್ಲ ಕದ್ದುಮುಚ್ಚಿ ಆದದ್ದಾ? ಖಂಡಿತ ಇಲ್ಲ. ಬೆಲೆ ಇಳಿಸಿ ಅಂತ ಬಯರ್ ಕೇಳಿದರು. ನಮ್ಮ ಕಾಸ್ಟಿಂಗ್‌ನವರು ಒಂದೊಂದು ಕಡೆ ಕೆಲವು ರೂಪಾಯಿ ಕಿತ್ತರು. ಬ್ಯಾಗಿನ ವಿವರಪಟ್ಟಿಯಾದ ಟೆಕ್ ಪ್ಯಾಕ್‌ನಲ್ಲಿ ಒಂದು ಸಾಲು ಬದಲಾಯಿತು, ಹೊಸ ಪಿಪಿ ಸ್ಯಾಂಪಲ್ (ಉತ್ಪಾದನೆಗೆ ಮುಂಚಿನ ಮಾದರಿ) ಹೋಯಿತು, ಬಯರ್ ಸಹಿ ಸೀಲ್ ಬಿದ್ದು ವಾಪಸ್ ಬಂತು. ನಾವು ಹೊಲಿದ ಬ್ಯಾಗ್ ಆ ಸೀಲ್ಡ್ ಸ್ಯಾಂಪಲ್‌ಗೆ ಚಾಚೂ ತಪ್ಪದೆ ಹೊಂದುತ್ತಿತ್ತು. ನನ್ನ ಕೆಲಸ ಸ್ಯಾಂಪಲ್‌ಗೆ ಹೋಲಿಸುವುದು. ಸ್ಯಾಂಪಲ್ಲೇ ಕೆಳಗಿಳಿದರೆ ನನ್ನ ರಿಪೋರ್ಟ್‌ನಲ್ಲಿ ಅದು ಎಲ್ಲೂ ಕಾಣುವುದಿಲ್ಲ. ಹೋದ ಸೀಸನ್‌ನ ಬ್ಯಾಗ್ ಪಕ್ಕದಲ್ಲಿಟ್ಟು ನೋಡಿ ಅಂತ ಯಾವ ಚೆಕ್‌ಲಿಸ್ಟೂ ಹೇಳುವುದಿಲ್ಲ. ನಮ್ಮ ಹೊಸ ಇನ್ಸ್‌ಪೆಕ್ಷನ್ ಆ್ಯಪ್‌ನಲ್ಲಂತೂ ಹಳೆ ಸೀಸನ್ ಫೋಟೋ ತೆರೆಯಲು ಅಡ್ಮಿನ್ ಪರ್ಮಿಷನ್ ಬೇಕು.

ಇದಕ್ಕೆಲ್ಲ ‘ಈಗಿನ ಹುಡುಗರಿಗೆ ಕೈಕೆಲಸ ಬರಲ್ಲ’ ಅನ್ನುವುದು ಮೀಟಿಂಗ್‌ಗಳಲ್ಲಿ ಸುಲಭದ ಉತ್ತರ. ಕೇಳಿದರೆ ಮೈಯುರಿಯುತ್ತದೆ. ಇದೇ ಹುಡುಗರು ಮೊದಲ ಸೀಸನ್‌ನ ಬ್ಯಾಗನ್ನೂ ಹೊಲಿದವರು. ಮೆಷಿನ್ ಹೊಲಿಗೆಯನ್ನು ದೂರುವುದೂ ಅಷ್ಟೇ. ಫ್ರಾನ್ಸ್‌ನ ಐಷಾರಾಮಿ ಬ್ರ್ಯಾಂಡ್ ಎರ್ಮೆಸ್‌ನವರು ಎರಡು ಸೂಜಿ, ಒಂದೇ ದಾರದಲ್ಲಿ ಕೈಯಿಂದ ಸ್ಯಾಡಲ್ ಸ್ಟಿಚ್ ಹಾಕುತ್ತಾರೆ. ಒಂದು ಕಡೆ ದಾರ ತುಂಡಾದರೂ ಇನ್ನೊಂದು ಕಡೆಯದು ಹಿಡಿದುಕೊಳ್ಳುತ್ತದೆ. ನಿಜ, ಅದರ ಮುಂದೆ ನಮ್ಮ ಲಾಕ್‌ಸ್ಟಿಚ್ ನಿಲ್ಲಲ್ಲ. ಆದರೆ ಒಳಗಿನ ಸಲ್ಪಾ, ದಾರ, ಎಡ್ಜ್ ಸರಿಯಿದ್ದರೆ ಮೆಷಿನ್ ಹೊಲಿಗೆಯೂ ವರ್ಷಗಟ್ಟಲೆ ಬಾಳುತ್ತದೆ. ಹ್ಯಾಂಡಲ್‌ಗೆ ಕೊಡುವ ನಿಮಿಷ ಕತ್ತರಿಸಿದ ಮೇಲೆ ಎಂಥ ಕೈ ಇದ್ದರೇನು?

2024ರ ಜೂನ್‌ನಲ್ಲಿ ಫ್ಯಾಷನ್ ಬ್ರ್ಯಾಂಡ್ ಡಿಯೋರ್‌ನ ಇಟಲಿಯ ತಯಾರಿಕಾ ಘಟಕವೊಂದನ್ನು ಮಿಲಾನ್ ಕೋರ್ಟ್ ತನ್ನ ಆಡಳಿತಾಧಿಕಾರಿಯ ಉಸ್ತುವಾರಿಗೆ ಒಪ್ಪಿಸಿತ್ತು. ಅಂಗಡಿಯಲ್ಲಿ 2,600 ಯೂರೋ ಬೆಲೆಯ ಬ್ಯಾಗಿಗೆ ಗುತ್ತಿಗೆದಾರನಿಗೆ ಸಿಕ್ಕಿದ್ದು 53 ಯೂರೋ, ಚರ್ಮದ ಖರ್ಚು ಬಿಟ್ಟು, ಎಂದು ತನಿಖೆಯ ದಾಖಲೆಗಳಲ್ಲಿತ್ತು. ಕ್ಯಾಂಟೀನ್‌ನಲ್ಲಿ ಈ ಮಾತು ಬಂದಾಗ ನಮ್ಮ ಕಾಸ್ಟಿಂಗ್ ಹುಡುಗ ನಕ್ಕ. “ಬರೀ ಹೊಲಿಗೆಗೆ 53 ಯೂರೋನಾ? ಅಷ್ಟು ಕೊಟ್ರೆ ನಾವು ಪ್ರೈಮರ್ ಎರಡು ಸಲ ಹಚ್ತಿದ್ವಿ!”

ಡೆಬಿಟ್‌ನ ಅರ್ಧ ನಮ್ಮ ತಲೆಗೆ ಬಂತು. ಸ್ಯಾಂಪಲ್‌ಗೆ ಸಹಿ ಹಾಕಿದ್ದು ಬಯರ್ ಅವರೇ, ಆದರೂ. ಮೂರು ಹೇರ್‌ಲೈನ್ ಮೈನರ್ ಅಂತ ರಿಪೋರ್ಟ್‌ನಲ್ಲೇ ಇತ್ತಲ್ಲ, ಗೊತ್ತಿದ್ದೂ ಕಳಿಸಿದ್ದೀರಿ ಅಂದರು. ಬಿರಿಯಾನಿ ತರಿಸಿದವರು ಆ ಮೀಟಿಂಗ್‌ಗೆ ಬರಲೇ ಇಲ್ಲ.

ಈಗ ರಿಪೀಟ್ ಆರ್ಡರ್ ಬಂದರೆ ಪಿಪಿ ಸ್ಯಾಂಪಲ್ ಎರಡು ಕೇಳುತ್ತೇನೆ. ಒಂದನ್ನು ಮಾಸ್ಟರ್ ಕುಯ್ಯುತ್ತಾರೆ, ಹಳೆಯದರ ತುಂಡಿನ ಪಕ್ಕ ಪಿನ್ ಮಾಡುತ್ತೇವೆ. ಒಂದು ಬ್ಯಾಗ್ ದಂಡ ಅಂತ ಮರ್ಚಂಡೈಸರ್‌ಗೆ ಸಿಟ್ಟು. ಅದರ ಖರ್ಚು ಯಾವ ಡಿಪಾರ್ಟ್‌ಮೆಂಟ್‌ಗೆ ಹಾಕಬೇಕು ಅನ್ನುವ ಇಮೇಲ್ ಇನ್ನೂ ಸುತ್ತುತ್ತಿದೆ. ನಿನ್ನೆ ಅದಕ್ಕೆ ಎಚ್‌ಆರ್ ಅವರನ್ನೂ ಸೇರಿಸಿದ್ದಾರೆ, ಯಾಕೆ ಅಂತ ಗೊತ್ತಿಲ್ಲ.